ಸಣ್ಣ ಕೇಸಿಗೆ ದೊಡ್ಡ ರೇಡಿಯೇಟರ್ ಕೂರಿಸೋದು: ತಗಡು ಕತ್ತರಿಸೋಕೆ ಮುಂಚಿನ ಲೆಕ್ಕ, ಆಮೇಲಿನ ಕೆಲಸ

ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಕೇಸು 2020ರಲ್ಲಿ ಬಂತು, ಇವತ್ತಿಗೂ ಸಣ್ಣ ಪಿಸಿ ಕಟ್ಟೋರಲ್ಲಿ ತುಂಬಾ ಜನರ ಹತ್ರ ಅದೇ ಇದೆ. ಕಾಲು ಗೀಲು ಬಿಟ್ಟು ಅಳೆದ್ರೆ ಉದ್ದ 360 ಮಿಮೀ, ಅಗಲ 185, ಎತ್ತರ 274, ಗುಣಿಸಿದ್ರೆ 18.25 ಲೀಟರ್. ಇಷ್ಟರೊಳಗೆ 170 ಮಿಮೀ ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡು, ಎಸ್‌ಎಫ್‌ಎಕ್ಸ್ ಅನ್ನೋ ಸಣ್ಣ ಗಾತ್ರದ ಪವರ್ ಸಪ್ಲೈ, ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡು ಎಲ್ಲಾ ಹಿಡಿಯುತ್ತೆ. ಪ್ರೊಸೆಸರನ್ನ ನೀರಲ್ಲಿ ತಣ್ಣಗಿಡೋ ಕೂಲರಿನ ರೇಡಿಯೇಟರ್, ಅಂದ್ರೆ ಆ ನೀರಿನ ಬಿಸಿಯನ್ನ ಗಾಳಿಗೆ ಬಿಡೋ ಭಾಗ, ಹಾಕೋಕೆ ಪಕ್ಕದಲ್ಲಿ ಒಂದು ಬ್ರಾಕೆಟ್ ಕೂಡ ಕೊಟ್ಟಿದ್ದಾರೆ, ಆದ್ರೆ ಅಲ್ಲಿ ಹಾಕಿದ್ರೆ ಬೋರ್ಡ್ ಮುಂದಿನ ಜಾಗ ಪೂರ್ತಿ ಹೋಗುತ್ತೆ, ಪವರ್ ಕೇಬಲ್ಲು ಪೈಪು ಒಂದಕ್ಕೊಂದು ತಿಕ್ಕಾಡ್ತವೆ, ಪಕ್ಕಕ್ಕೆ ಗಾಜಿನ ಪ್ಯಾನೆಲ್ ಹಾಕೋ ಆಸೆ ಇದ್ರೆ ಅದನ್ನೂ ಬಿಡ್ಬೇಕು. ಅದಕ್ಕೇ ಜನ ಮೇಲ್ಗಡೆ ಕಣ್ಣು ಹಾಕೋದು. ಮೇಲೆ ಎರಡು 120 ಮಿಮೀ ಫ್ಯಾನಿಗೆ ಜಾಗ ಇದೆ, ಆದ್ರೆ ಫ್ಯಾನ್ ಜೊತೆ ರೇಡಿಯೇಟರ್ ಹೋಗಲ್ಲ, ಕೆಳಗಡೆ ರ‍್ಯಾಮೂ ಬೋರ್ಡಿನ ಹೀಟ್‌ಸಿಂಕೂ ಅಡ್ಡ ಬರ್ತವೆ. ಹಂಗಾಗಿ ಮುಚ್ಚಳ ತೆಗೆದು, ರೇಡಿಯೇಟರನ್ನ ಕೇಸಿನ ಮೇಲೆ ಕೂರಿಸಿ, ಅದಕ್ಕೊಂದು ಟೋಪಿ ಮಾಡಿ ಹಾಕೋದು. ಈ ಲೇಖನ ಪೂರ್ತಿ ಅದರ ಬಗ್ಗೆನೇ. ಲೆಕ್ಕ ಮಾತ್ರ ಯಾವ ಸಣ್ಣ ಕೇಸಿಗಾದ್ರೂ ಒಂದೇ.

ನಾನು ಒತ್ತಿ ಹೇಳೋಕೆ ಇಷ್ಟಪಡೋದು ಒಂದೇ ವಿಷಯ. ರೇಡಿಯೇಟರ್ ದೊಡ್ಡದಾದ್ರೆ ಕಡಿಮೆ ಆಗೋದು ನೀರಿನ ಬಿಸಿ ಮಾತ್ರ. ನಿಮ್ಮ ಪ್ರೊಸೆಸರ್ ಬಿಸಿ ಆಗ್ತಿರೋದು ನೀರಿಂದಾನಾ, ಬೇರೆ ಕಾರಣಕ್ಕಾ ಅಂತ ತಿಳ್ಕೊಳ್ದೆ ತಗಡು ಕತ್ತರಿಸಬೇಡಿ. ಎಷ್ಟೋ ಜನ ಚೆನ್ನಾಗಿರೋ ಕೇಸು ಕೊಯ್ದು, ದುಡ್ಡು ಖರ್ಚು ಮಾಡಿ ದೊಡ್ಡ ಕೂಲರ್ ಹಾಕಿ, ಕೊನೆಗೆ ಎರಡೋ ಮೂರೋ ಡಿಗ್ರಿ ಇಳೀತು ಅಂತ ಬೇಜಾರು ಮಾಡ್ಕೋತಾರೆ, ಅದನ್ನ ನೋಡಿದಾಗೆಲ್ಲ ನಂಗೂ ಬೇಜಾರಾಗುತ್ತೆ, ಯಾಕಂದ್ರೆ ಅರ್ಧ ಗಂಟೆ ಕೂತು ನೋಡಿದ್ರೆ ಮೊದಲೇ ಗೊತ್ತಾಗ್ತಿತ್ತು.

ಬಿಸಿ ಹೋಗೋ ದಾರಿ ನೋಡಿ. ಚಿಪ್ಪಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟ್ ದಾಟಿ ಕೂಲರಿನ ತಳದ ತಾಮ್ರದ ತಟ್ಟೆಗೆ, ಅಂದ್ರೆ ಕೋಲ್ಡ್ ಪ್ಲೇಟಿಗೆ, ಅಲ್ಲಿಂದ ನೀರಿಗೆ, ನೀರಿಂದ ರೇಡಿಯೇಟರಿನ ತೆಳು ಲೋಹದ ಎಲೆಗಳಿಗೆ, ಅಂದ್ರೆ ಫಿನ್ನಿಗೆ, ಫಿನ್ನಿಂದ ಗಾಳಿಗೆ. ಪ್ರತಿ ಹೆಜ್ಜೆಯಲ್ಲೂ ಒಂದಷ್ಟು ಡಿಗ್ರಿ ವ್ಯತ್ಯಾಸ ಬೇಕೇ ಬೇಕು, ಇಲ್ದಿದ್ರೆ ಬಿಸಿ ಹರಿಯಲ್ಲ. ಚಿಪ್ಪಿಂದ ನೀರಿನವರೆಗಿನ ವ್ಯತ್ಯಾಸ ಚಿಪ್ಪಿನ ಗಾತ್ರ, ಪೇಸ್ಟು, ಕೋಲ್ಡ್ ಪ್ಲೇಟು ಇವುಗಳ ಕೈಲಿದೆ. ನೀರಿಂದ ರೂಮಿನ ಗಾಳಿವರೆಗಿನದು ಮಾತ್ರ ರೇಡಿಯೇಟರ್ ಮತ್ತು ಫ್ಯಾನಿನ ಕೈಲಿದೆ. ಎಎಂಡಿ ರೈಜನ್ 7 7800ಎಕ್ಸ್3ಡಿ ತಗೊಳ್ಳಿ, ಗೇಮ್ ಆಡುವಾಗ ಅದು ಎಳೆಯೋ ಪವರ್ ಕಡಿಮೆನೇ, ಆದ್ರೂ ಬಿಸಿ ತೋರಿಸುತ್ತೆ, ಯಾಕಂದ್ರೆ ಸಣ್ಣ ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಮೆಮೊರಿ ಕೂತಿದೆ, ಬಿಸಿ ಅದನ್ನ ದಾಟಿ ಬರ್ಬೇಕು. ಅದಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದ್ರೂ ಅಷ್ಟಕ್ಕಷ್ಟೇ. ಅದೇ ಇಂಟೆಲ್ ಕೋರ್ ಐ9 14900ಕೆ 253 ವ್ಯಾಟ್, ರೈಜನ್ 9 7950ಎಕ್ಸ್ 230 ವ್ಯಾಟ್ ತನಕ ಎಳೀಬಹುದು, ವಿಡಿಯೋ ರೆಂಡರ್ ಥರದ ಕೆಲಸಕ್ಕೆ ಅದನ್ನ ಗಂಟೆಗಟ್ಟಲೆ ಓಡಿಸೋರಿಗೆ ರೇಡಿಯೇಟರ್ ಗಾತ್ರ ನಿಜವಾಗ್ಲೂ ಲೆಕ್ಕಕ್ಕೆ ಬರುತ್ತೆ. ಪಂಪು, ಪೈಪು ಬಿಡಿಬಿಡಿಯಾಗಿ ತಂದು ನಾವೇ ಜೋಡಿಸಿ, ಗ್ರಾಫಿಕ್ಸ್ ಕಾರ್ಡನ್ನೂ ಅದೇ ನೀರಿಗೆ ಸೇರಿಸೋ ಕಸ್ಟಮ್ ಲೂಪ್ ಆದ್ರಂತೂ ಬೇರೆ ಮಾತೇ ಇಲ್ಲ, ಅಲ್ಲಿ 400 ವ್ಯಾಟ್ ಸುಲಭವಾಗಿ ದಾಟುತ್ತೆ.

ಹಂಗಾದ್ರೆ ಈ ಎರಡರಲ್ಲಿ ನಿಮ್ದು ಯಾವ ಥರ ಅಂತ ಕಂಡುಹಿಡಿಯೋದು ಹೇಗೆ? ಕೂಲರಿನ ಸಾಫ್ಟ್‌ವೇರ್ ನೀರಿನ ಟೆಂಪರೇಚರ್ ತೋರಿಸಿದ್ರೆ ಕೆಲಸ ಸುಲಭ. ನೀವು ಸಾಮಾನ್ಯವಾಗಿ ಮಾಡೋ ಕೆಲಸವನ್ನೇ ಅರ್ಧ ಗಂಟೆ ಓಡಿಸಿ, ರೂಮಲ್ಲಿ ಒಂದು ಥರ್ಮಾಮೀಟರ್ ಇಟ್ಟು, ನೀರಿನ ಬಿಸಿಯಿಂದ ರೂಮಿನ ಬಿಸಿ ಕಳೀರಿ. ಹತ್ತು ಡಿಗ್ರಿ ಒಳಗಿದ್ರೆ ನಿಮ್ಮ ರೇಡಿಯೇಟರ್ ಚೆನ್ನಾಗೇ ಕೆಲಸ ಮಾಡ್ತಿದೆ, ದೊಡ್ಡದು ಹಾಕಿ ಪ್ರಯೋಜನ ಕಡಿಮೆ. ಹದಿನೈದು ದಾಟಿದ್ರೆ ಅಲ್ಲಿ ಗಳಿಸೋಕೆ ಏನೋ ಇದೆ ಅಂತ ಅರ್ಥ. ನೀರಿನ ಸೆನ್ಸರ್ ಇಲ್ದಿರೋ ಕೂಲರ್ ಆದ್ರೆ ಪ್ರೊಸೆಸರ್ ಟೆಂಪರೇಚರಿನ ಗ್ರಾಫ್ ನೋಡಿ. ಲೋಡ್ ಶುರು ಆದ ತಕ್ಷಣ ಒಂದೆರಡು ಸೆಕೆಂಡಲ್ಲಿ ಗೆರೆ ನೆಟ್ಟಗೆ ಮೇಲೆ ಹಾರುತ್ತಲ್ಲ, ಅದು ಚಿಪ್ಪಿಂದ ನೀರಿನವರೆಗಿನ ಪಾಲು. ಆಮೇಲೆ ಹತ್ತಿಪ್ಪತ್ತು ನಿಮಿಷ ನಿಧಾನಕ್ಕೆ ಏರ್ತಾ ಹೋಗುತ್ತಲ್ಲ, ಅದು ನೀರು ಬಿಸಿ ಆಗ್ತಿರೋದು. ರೇಡಿಯೇಟರ್ ಬದಲಾಯಿಸಿದ್ರೆ ಈ ಎರಡನೇ ಏರಿಕೆ ಮಾತ್ರ ತಗ್ಗುತ್ತೆ, ಮೊದಲ್ನೇ ನೆಗೆತ ಹಂಗೇ ಇರುತ್ತೆ. ಈ ಗ್ರಾಫ್ ಓದೋದು ಒಂದು ಸಲ ಗೊತ್ತಾದ್ರೆ ಅರ್ಧ ಗೊಂದಲ ಅಲ್ಲೇ ಮುಗೀತು.

ಇನ್ನೊಂದು ಪರೀಕ್ಷೆ ಇದೆ, ಇದಕ್ಕೆ ಖರ್ಚೇ ಇಲ್ಲ. ಅದೇ ಲೋಡಲ್ಲಿ ಕೇಸಿನ ಪಕ್ಕದ ಪ್ಯಾನೆಲ್ಲು ಮೇಲಿನ ಮುಚ್ಚಳ ಎರಡೂ ತೆಗೆದಿಟ್ಟು ಹತ್ತು ನಿಮಿಷ ಬಿಡಿ. ಟೆಂಪರೇಚರ್ ಗಟ್ಟಿಯಾಗಿ ಇಳಿದ್ರೆ ರೇಡಿಯೇಟರ್ ಸಾಲ್ದೇ ಇರೋದಲ್ಲ ಸಮಸ್ಯೆ, ಕೇಸು ಉಸಿರಾಡ್ತಿಲ್ಲ. ಆಗ ಗಾಳಿ ಹೋಗೋ ತೂತಿನ ತಗಡು, ಅಂದ್ರೆ ಮೆಶ್, ಬದಲಾಯಿಸಿದ್ರೆ ಅಥವಾ ಕೆಳಗೆ ಎರಡು ಫ್ಯಾನ್ ಸೇರಿಸಿದ್ರೆ ಸಾಕಾಗಬಹುದು.

ಮೆಶ್ ವಿಷಯ ಬಂತಲ್ಲ, ಅದನ್ನೂ ಲೆಕ್ಕ ಹಾಕ್ಬಹುದು. ಒಂದು ಸಾಲು ಬಿಟ್ಟು ಒಂದು ಸಾಲು ಜರುಗಿಸಿ ಜೇನುಗೂಡಿನ ಥರ ಜೋಡಿಸಿದ ದುಂಡು ತೂತುಗಳಿದ್ರೆ, ತೂತಿನ ವ್ಯಾಸವನ್ನ ಒಂದು ತೂತಿನ ನಡುವಿಂದ ಪಕ್ಕದ ತೂತಿನ ನಡುವಿಗಿರೋ ದೂರದಿಂದ ಭಾಗಿಸಿ, ಬಂದಿದ್ದನ್ನ ವರ್ಗ ಮಾಡಿ, 90.7ರಿಂದ ಗುಣಿಸಿ. ಎಷ್ಟು ಶೇಕಡ ಜಾಗ ತೆರೆದಿದೆ ಅಂತ ಬರುತ್ತೆ. 5 ಮಿಮೀ ತೂತು, 7 ಮಿಮೀ ದೂರ ಆದ್ರೆ ಶೇ. 46. ಅದೇ 5 ಮಿಮೀ ತೂತು 6 ಮಿಮೀ ದೂರದಲ್ಲಿದ್ರೆ ಶೇ. 63. ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ, ಫ್ಯಾನಿಗೆ ಮಾತ್ರ ಬಹಳ ವ್ಯತ್ಯಾಸ. ಟೋಪಿಗೆ ಮೆಶ್ ತಗೊಳ್ಳುವಾಗ ಅರವತ್ತಕ್ಕಿಂತ ಕಡಿಮೆ ಇರೋದನ್ನ ನಾನಂತೂ ತಗೊಳ್ಳಲ್ಲ.

ಸರಿ, ಪರೀಕ್ಷೆ ಎಲ್ಲ ಆಯ್ತು, ನೀರು ನಿಜವಾಗ್ಲೂ ಬಿಸಿ ಆಗ್ತಿದೆ, ದೊಡ್ಡ ರೇಡಿಯೇಟರೇ ಬೇಕು ಅಂತಿಟ್ಕೊಳ್ಳಿ. ಯಾವ ಗಾತ್ರ? 240 ಅಂದ್ರೆ ಎರಡು 120 ಮಿಮೀ ಫ್ಯಾನು, ಹರವು 28,800 ಚದರ ಮಿಮೀ. 280 ಅಂದ್ರೆ ಎರಡು 140, ಹರವು 39,200. 360 ಅಂದ್ರೆ ಮೂರು 120, ಹರವು 43,200. ಅಂದ್ರೆ 240ರಿಂದ 280ಕ್ಕೆ ಹೋದ್ರೆ ಶೇ. 36 ಜಾಸ್ತಿ, 360ಕ್ಕೆ ಹೋದ್ರೆ ಶೇ. 50. ಈಗ ಉದ್ದ ನೋಡಿ, ಇಲ್ಲೇ ತುಂಬಾ ಜನ ಎಡವೋದು. 240 ಅಂತ ಹೆಸರಿದ್ರೂ ರೇಡಿಯೇಟರ್ ಉದ್ದ 277 ಮಿಮೀ ಆಸುಪಾಸು ಇರುತ್ತೆ, ಯಾಕಂದ್ರೆ ಎರಡೂ ತುದಿಯಲ್ಲಿ ನೀರು ತಿರುಗೋ ಟ್ಯಾಂಕ್ ಇರುತ್ತೆ. 280ದು 315ರ ಹತ್ರ, 360ದು 397ರ ಹತ್ರ. ನಮ್ಮ ಕೇಸಿನ ಉದ್ದ 360 ಅಷ್ಟೇ, ಹಂಗಾಗಿ 360 ಮಿಮೀ ರೇಡಿಯೇಟರ್ ಹಾಕಿದ್ರೆ ಹೊರಗೆ ಚಾಚ್ಕೊಳ್ಳುತ್ತೆ. 280 ಸರಿಯಾಗಿ ಕೂರುತ್ತೆ, ಅಗಲ 140 ಚಿಲ್ರೆ, ಕೇಸಿನ ಅಗಲ 185, ಪೈಪಿಗೂ ಜಾಗ ಉಳಿಯುತ್ತೆ. ಜೊತೆಗೆ 140ರ ಫ್ಯಾನು ಅಷ್ಟೇ ಗಾಳಿಯನ್ನ ಕಡಿಮೆ ಸುತ್ತಲ್ಲಿ ತಳ್ಳುತ್ತೆ, ಸದ್ದು ಕಡಿಮೆ. ಈ ಗಾತ್ರದ ಕೇಸಿಗೆ 280ಕ್ಕಿಂತ ಒಳ್ಳೆ ಆಯ್ಕೆ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ದಪ್ಪ ಇನ್ನೊಂದು ಕಥೆ. ಪಂಪು, ಪೈಪು, ರೇಡಿಯೇಟರ್ ಎಲ್ಲ ಜೋಡಿಸಿ ನೀರು ತುಂಬಿಸಿಯೇ ಮಾರೋ ಸಾಮಾನ್ಯ ಎಐಒ (ಆಲ್ ಇನ್ ಒನ್) ಕೂಲರಿನ ರೇಡಿಯೇಟರ್ 27 ಮಿಮೀ ದಪ್ಪ, ಫ್ಯಾನು 25, ಒಟ್ಟು 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ ಸರಣಿದು 38 ಮಿಮೀ ದಪ್ಪ, ಫ್ಯಾನ್ ಸೇರಿ 63. ಜಾಗ ಉಳಿಸೋಕೆ ಕೆಲವರು 15 ಮಿಮೀ ತೆಳು ಫ್ಯಾನ್ ಹಾಕ್ತಾರೆ. ನಾಕ್ಟುವಾ ಕಂಪನಿಯ ಎರಡು ಫ್ಯಾನ್ ಹೋಲಿಸಿ: 25 ಮಿಮೀ ದಪ್ಪದ ಎನ್‌ಎಫ್-ಎ12ಎಕ್ಸ್25 ಗಂಟೆಗೆ 102 ಘನ ಮೀಟರ್ ಗಾಳಿ ಕೊಡುತ್ತೆ, 15 ಮಿಮೀ ದಪ್ಪದ ಎನ್‌ಎಫ್-ಎ12ಎಕ್ಸ್15 ಗಂಟೆಗೆ 94. ಇಷ್ಟೇ ನೋಡಿದ್ರೆ ತೆಳು ಫ್ಯಾನೇ ಸಾಕು ಅನ್ಸುತ್ತೆ. ಆದ್ರೆ ಅದು ಎದುರಿಗೆ ಏನೂ ಅಡ್ಡ ಇಲ್ದಿದ್ದಾಗಿನ ಲೆಕ್ಕ. ಫಿನ್ನಿನ ಸಂದಿಲಿ ಗಾಳಿ ನುಗ್ಗಿಸೋಕೆ ಬೇಕಾಗಿರೋದು ಒತ್ತಡ, ಅದು ದಪ್ಪ ಫ್ಯಾನಲ್ಲಿ 2.34 ಮಿಮೀ ನೀರಿನ ಮಟ್ಟದಷ್ಟು, ತೆಳುವಿನಲ್ಲಿ 1.53. ಅಂದ್ರೆ ಮೂರನೇ ಒಂದು ಭಾಗ ಕಮ್ಮಿ. ಹಂಗಾಗಿ ದಪ್ಪ ಫ್ಯಾನೇ ಹಾಕಿ. ಇಷ್ಟು ಕಷ್ಟಪಟ್ಟು ದೊಡ್ಡ ರೇಡಿಯೇಟರ್ ಹಾಕಿ ಅದಕ್ಕೆ ತೆಳು ಫ್ಯಾನ್ ಕೂರಿಸೋದಕ್ಕೆ ನನಗೆ ಮನಸ್ಸು ಒಪ್ಪಲ್ಲ.

ಈಗ ಜೋಡಣೆ. ಕೇಸಿನ ಮೇಲಿನ ಚೌಕಟ್ಟಿನ ತಗಡಿಗೆ ಒಳಗಡೆಯಿಂದ ಫ್ಯಾನು, ಹೊರಗಡೆಯಿಂದ ರೇಡಿಯೇಟರ್, ಮಧ್ಯೆ ತಗಡು. 30 ಮಿಮೀ ಸ್ಕ್ರೂ ಕೆಳಗಿಂದ ಹಾಕಿದ್ರೆ 25 ಫ್ಯಾನಿಗೆ, ಒಂದು ಚಿಲ್ರೆ ತಗಡಿಗೆ ಹೋಗಿ, ಮಿಕ್ಕ ನಾಲ್ಕು ಮಿಮೀ ರೇಡಿಯೇಟರಿನ ತೂತಿಗೆ ಇಳಿಯುತ್ತೆ, ಸರಿಯಾದ ಲೆಕ್ಕ. ಇದೇ ಸ್ಕ್ರೂನ ಫ್ಯಾನ್ ಇಲ್ಲದ ಕಡೆ, ಬರೀ ತಗಡಿಂದ ರೇಡಿಯೇಟರಿಗೆ ಹಾಕಿದ್ರೆ ಸೀದಾ ನೀರಿನ ನಾಳಕ್ಕೆ ಚುಚ್ಚುತ್ತೆ, ಕೂಲರ್ ಅಲ್ಲಿಗೆ ಮುಗೀತು, ಅಂಥ ಕಡೆಗೆ 5 ಅಥವಾ 6 ಮಿಮೀ ಸ್ಕ್ರೂ ಮಾತ್ರ. ಮತ್ತೆ ಎಷ್ಟೋ ಎಐಒ ರೇಡಿಯೇಟರಿನ ಸ್ಕ್ರೂ ಥ್ರೆಡ್ 6-32 ಅನ್ನೋ ಇಂಚಿನ ಅಳತೆದು, ಕಸ್ಟಮ್ ರೇಡಿಯೇಟರಲ್ಲಿ ಎಂ3 ಅಥವಾ ಎಂ4 ಇರಬಹುದು. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗ್ಲಿಲ್ಲ ಅಂದ್ರೆ ಅದು ಬೇರೆ ಸ್ಕ್ರೂ, ಒತ್ತಿ ತಿರುಗಿಸಬೇಡಿ.

ಇಲ್ಲೊಂದು ತೊಡಕಿದೆ, ಕೇಸ್ ಕತ್ತರಿಸೋಕೆ ಮುಂಚೆ ಬಹಳ ಜನಕ್ಕೆ ಹೊಳೆಯಲ್ಲ. ಎಐಒ ಕೂಲರಿನ ಪೈಪು ಬಿಚ್ಚೋಕಾಗಲ್ಲ. ರೇಡಿಯೇಟರ್ ಹೊರಗೆ, ಪಂಪ್ ಒಳಗೆ ಅಂದ್ರೆ ಪಂಪು ತಗಡಿನ ಯಾವುದೋ ತೂತಿನ ಮೂಲಕ ಒಳಗೆ ಹೋಗ್ಬೇಕು. ಪಂಪ್ ತಲೆ ಫ್ಯಾನಿನ ತೂತಲ್ಲಿ ಆರಾಮಾಗಿ ತೂರುತ್ತೆ, ಆದ್ರೆ ಆಮೇಲೆ ಫ್ಯಾನ್ ಕೂರಿಸಿದ್ರೆ ಪೈಪಿಗೆ ದಾರಿ ಇಲ್ಲ, ಯಾಕಂದ್ರೆ ಪೈಪು ಹೊರಡೋದು ತುದಿಯ ಟ್ಯಾಂಕಿಂದ. ಪೈಪಿಗೆ ಅಂತಲೇ ಎರಡು ದುಂಡು ತೂತು ಕೊರೆದ್ರೆ ಅದರಲ್ಲಿ ಪಂಪ್ ಹೋಗಲ್ಲ. ಪರಿಹಾರ ಸರಳ: ಫ್ಯಾನ್ ತೂತಿಂದ ತುದಿಯ ಟ್ಯಾಂಕಿನ ಕಡೆಗೆ ಒಂದು ಸೀಳು ಕೊಯ್ದು ಬಿಡಿ, ಅಂದ್ರೆ ತೂತು ಮತ್ತೆ ಪೈಪಿನ ಜಾಗ ಎರಡೂ ಸೇರ್ಕೊಂಡು ಒಂದೇ ಬಾಯಿ ಆಗ್ಬೇಕು. ಪಂಪನ್ನ ದೊಡ್ಡ ಬಾಯಲ್ಲಿ ಇಳಿಸಿ, ಪೈಪನ್ನ ಆ ಸೀಳಲ್ಲಿ ಜರುಗಿಸಿ ತುದಿಗೆ ತಂದು, ಆಮೇಲೆ ಫ್ಯಾನ್ ಕೂರಿಸೋದು. ಸೀಳಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಲೇಬೇಕು, ಇಲ್ದಿದ್ರೆ ತಗಡಿನ ಚೂಪು ಪೈಪನ್ನ ದಿನಾ ಉಜ್ಜುತ್ತೆ. ಕೊಯ್ಯೋ ಮುಂಚೆ ಪಂಪು ಪ್ರೊಸೆಸರ್ ಮೇಲೆ ಕೂತಾಗ ಪೈಪು ಎಲ್ಲಿ ಬಾಗುತ್ತೆ ಅಂತ ಕೈಯಲ್ಲೇ ಹಿಡಿದು ನೋಡಿ. ಪೈಪು ಮಡಚಿ ಚಪ್ಪಟೆ ಆದ್ರೆ ನೀರು ನಿಲ್ಲುತ್ತೆ.

ಟೋಪಿ ಜೋಡಣೆಯಲ್ಲಿ ಕೇಳದೇ ಸಿಗೋ ಒಂದು ಲಾಭ ಇದೆ. ಯಾವ ಲೂಪಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತೆ, ವರ್ಷ ಕಳೆದಂತೆ ರಬ್ಬರ್ ಪೈಪಿನ ಮೂಲಕ ನೀರು ಚೂರುಚೂರೇ ಆವಿಯಾಗಿ ಅದು ಹೆಚ್ಚಾಗ್ತಾ ಹೋಗುತ್ತೆ. ಗಾಳಿ ಯಾವಾಗ್ಲೂ ಅತಿ ಎತ್ತರದ ಜಾಗಕ್ಕೆ ಸೇರುತ್ತೆ. ರೇಡಿಯೇಟರ್ ಕೇಸಿನ ತಳದಲ್ಲಿದ್ರೆ ಆ ಎತ್ತರದ ಜಾಗ ಪಂಪೇ ಆಗ್ಬಿಡುತ್ತೆ, ಗರಗರ ಸದ್ದು ಬರುತ್ತೆ, ಆಮೇಲೆ ಪಂಪ್ ಹಾಳಾಗುತ್ತೆ. ರೇಡಿಯೇಟರ್ ಎಲ್ಲಕ್ಕಿಂತ ಮೇಲಿದ್ರೆ ಗಾಳಿ ಅದರ ಟ್ಯಾಂಕಲ್ಲಿ ತೆಪ್ಪಗೆ ಕೂತಿರುತ್ತೆ.

ಟೋಪಿಯ ಎತ್ತರ ಎಷ್ಟು? 27 ಮಿಮೀ ರೇಡಿಯೇಟರ್, ಅದರ ಮೇಲೆ ಹತ್ತು ಮಿಮೀ ಸಂದಿ, ಮೆಶ್ ಕೂರೋಕೆ ಒಂದೆರಡು, ಒಟ್ಟು 40 ಅಂತಿಟ್ಕೊಳ್ಳಿ. 360 ಗುಣಿಸು 185 ಗುಣಿಸು 40 ಅಂದ್ರೆ 2.66 ಲೀಟರ್. 18.25 ಇದ್ದಿದ್ದು 20.9 ಆಯ್ತು. ಲೀಟರ್ ಲೆಕ್ಕದಲ್ಲಿ ಜೀವ ಇಟ್ಕೊಂಡೋರಿಗೆ ಇದು ಜಾಸ್ತಿ ಅನ್ಸಬಹುದು, ಮೇಜಿನ ಮೇಲೆ ಮಾತ್ರ ಅದು ಆಕ್ರಮಿಸೋ ಜಾಗ ಒಂದು ಮಿಮೀ ಕೂಡ ಹೆಚ್ಚಾಗಿಲ್ಲ.

ಗಾಳಿ ಯಾವ ದಿಕ್ಕಿಗೆ ಅನ್ನೋದರ ಬಗ್ಗೆ ತುಂಬಾ ಜಗಳ ನಡೆಯುತ್ತೆ, ಅದಕ್ಕೂ ಒಂದು ಲೆಕ್ಕ ಇದೆ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹೋಗ್ತಿದೆ ಅನ್ನೋದನ್ನ, ಅಂದ್ರೆ ಸಿಎಫ್‌ಎಂನ, 0.57ರಿಂದ ಗುಣಿಸಿ, ಅದರಿಂದ ವ್ಯಾಟನ್ನ ಭಾಗಿಸಿ. ಆ ಗಾಳಿ ಎಷ್ಟು ಡಿಗ್ರಿ ಬಿಸಿ ಆಗುತ್ತೆ ಅಂತ ಸಿಗುತ್ತೆ. ಗ್ರಾಫಿಕ್ಸ್ ಕಾರ್ಡು 250 ವ್ಯಾಟ್ ಬಿಡ್ತಿದೆ, ಕೆಳಗಿನ ಫ್ಯಾನುಗಳಿಂದ 60 ಸಿಎಫ್‌ಎಂ ಬರ್ತಿದೆ ಅಂದ್ರೆ ಏಳು ಡಿಗ್ರಿ ಚಿಲ್ರೆ. ಅಂದ್ರೆ ಕೆಳಗಿಂದ ತಣ್ಣಗೆ ಬಂದ ಗಾಳಿ ಮೇಲಿನ ರೇಡಿಯೇಟರಿಗೆ ತಲುಪೋ ಹೊತ್ತಿಗೆ ರೂಮಿಗಿಂತ ಏಳು ಡಿಗ್ರಿ ಬಿಸಿ. ಪ್ರೊಸೆಸರಿನ ನೀರು ಅಷ್ಟೂ ಡಿಗ್ರಿ ಹೆಚ್ಚಿಗೆ ಇರುತ್ತೆ. ಫ್ಯಾನ್ ತಿರುಗಿಸಿ ಮೇಲಿಂದ ಒಳಗೆ ಎಳೆದ್ರೆ ಪ್ರೊಸೆಸರಿಗೆ ತಣ್ಣನೆ ಗಾಳಿ ಸಿಗುತ್ತೆ, ಆದ್ರೆ ಆ ಬಿಸಿ ಎಲ್ಲ ಒಳಗೇ ಸುರೀತಿದೆ, ಗ್ರಾಫಿಕ್ಸ್ ಕಾರ್ಡಿಗೆ ಸುಸ್ತು. ಗೇಮ್ ಆಡೋರು ಕೆಳಗಿಂದ ಒಳಗೆ, ಮೇಲಿಂದ ಹೊರಗೆ ಇಡಿ, ಏಳು ಡಿಗ್ರಿ ನೀರು ಬಿಸಿ ಇದ್ರೆ ಪ್ರೊಸೆಸರ್ ತಡ್ಕೊಳ್ಳುತ್ತೆ. ಗ್ರಾಫಿಕ್ಸ್ ಕಾರ್ಡ್ ಸುಮ್ನಿದ್ದು ಪ್ರೊಸೆಸರ್ ಒಂದೇ ದುಡಿಯೋ ಕೆಲಸ ಮಾಡೋರು ಮೇಲಿಂದ ಒಳಗೆ ಇಡಬಹುದು. ಬಿಸಿ ಗಾಳಿ ತಾನೇ ಮೇಲೆ ಹೋಗುತ್ತೆ ಅನ್ನೋ ವಾದ ಇಲ್ಲಿ ನಡೆಯಲ್ಲ, ಫ್ಯಾನಿನ ತಳ್ಳೋ ಶಕ್ತಿ ಮುಂದೆ ಅದು ಲೆಕ್ಕಕ್ಕೇ ಬರಲ್ಲ. ಒಂದು ಎಚ್ಚರ, ಡಬ್ಬದ ಮೇಲೆ ಬರೆದಿರೋ ಸಿಎಫ್‌ಎಂ ರೇಡಿಯೇಟರ್ ಇಲ್ಲದಾಗಿನದು, ಫಿನ್ನು ಮೆಶ್ಶು ಫಿಲ್ಟರು ಎಲ್ಲ ದಾಟೋವಾಗ ಅದು ಬಹಳ ಇಳಿಯುತ್ತೆ, ಅರ್ಧ ಅಂತ ಹಿಡಿದು ಲೆಕ್ಕ ಹಾಕಿದ್ರೆ ನಿರಾಸೆ ಆಗಲ್ಲ.

ನಮ್ಮ ಕಡೆ ಬೇಸಿಗೆ ಬೇರೆ. ನೀರಿನ ಕೂಲರ್ ಆಗ್ಲಿ ಏನೇ ಆಗ್ಲಿ ರೂಮಿಗಿಂತ ತಣ್ಣಗೆ ಮಾಡೋಕಾಗಲ್ಲ. ಕಲಬುರಗಿ, ರಾಯಚೂರಲ್ಲಿ ಏಪ್ರಿಲ್ ಮೇನಲ್ಲಿ ಹೊರಗೆ 40 ದಾಟುತ್ತೆ, ಎಸಿ ಇಲ್ಲದ ರೂಮಲ್ಲಿ 38 ಇದೆ ಅಂತಿಟ್ಕೊಂಡ್ರೂ, ನೀರು ಅದಕ್ಕಿಂತ 15 ಮೇಲಿದ್ರೆ 53. ಪಂಪುಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ನೀರೇ ಮಿತಿ. ಅದೇ ಸೆಟಪ್ ಬೆಂಗಳೂರಲ್ಲಿ ಜನವರಿಯಲ್ಲಿ ಆರಾಮಾಗಿರುತ್ತೆ. ಯುರೋಪಿನ ರಿವ್ಯೂಗಳಲ್ಲಿ 21, 22 ಡಿಗ್ರಿ ರೂಮಲ್ಲಿ ತೆಗೆದ ನಂಬರ್ ನೋಡಿ ಕೊಳ್ಳುವಾಗ ಇದನ್ನ ಕೂಡಿಸ್ಕೊಂಡು ನೋಡ್ಬೇಕು. ಉತ್ತರ ಕರ್ನಾಟಕದ ಬಿಸಿಲಲ್ಲಿ ಪಿಸಿ ಇಟ್ಕೊಂಡಿರೋರಿಗೆ ಈ ಬದಲಾವಣೆ ಬೆಂಗಳೂರಿನೋರಿಗಿಂತ ಹೆಚ್ಚು ಅರ್ಥ ಇರೋ ಕೆಲಸ. ಮಂಗಳೂರು ಕಡೆಯೋರು ಕೇಳೋ ಪ್ರಶ್ನೆ ಇನ್ನೊಂದು, ಇಷ್ಟು ತೇವ ಇದ್ಯಲ್ಲ, ಪೈಪಿನ ಮೇಲೆ ನೀರು ಕಟ್ಟಲ್ವಾ ಅಂತ. ಕಟ್ಟಲ್ಲ, ಯಾಕಂದ್ರೆ ನೀರು ಯಾವಾಗ್ಲೂ ರೂಮಿಗಿಂತ ಬಿಸಿಯೇ ಇರುತ್ತೆ. ಆದ್ರೆ ಕರಾವಳಿಯ ಗಾಳಿಗೆ ಕತ್ತರಿಸಿದ ತಗಡಿನ ಅಂಚು ಬೇಗ ತುಕ್ಕು ಹಿಡಿಯುತ್ತೆ, ಪ್ರೈಮರ್ ಪೇಂಟು ಬಿಡಬೇಡಿ.

ಇನ್ನು ಕತ್ತರಿಸೋ ಕೆಲಸ. ಮೊದಲ್ನೇದಾಗಿ ಕೇಸಿಂದ ಎಲ್ಲಾ ತೆಗೀರಿ, ಎಲ್ಲಾ ಅಂದ್ರೆ ಎಲ್ಲಾ, ಪವರ್ ಬಟನ್ನಿನ ವೈರ್ ಕೂಡ. ಗ್ರೈಂಡರಿಂದ ಹಾರೋ ಕಬ್ಬಿಣದ ಪುಡಿ ಕಣ್ಣಿಗೆ ಕಾಣ್ದಷ್ಟು ಸಣ್ಣದು, ಒಂದು ಚೂರು ಬೋರ್ಡಿನ ಎರಡು ಕಾಲಿನ ಮಧ್ಯೆ ಕೂತ್ರೂ ಶಾರ್ಟ್. ಟೇಪ್ ಹಚ್ಚಿ ಮುಚ್ಚಿದ್ರೆ ಸಾಕು ಅನ್ನೋರ ಮಾತು ಕೇಳಬೇಡಿ.

ಗುರುತು ಹಾಕೋಕೆ ಕಾಗದದ ಟೆಂಪ್ಲೇಟ್ ಒಳ್ಳೇದು. ನೆನಪಿಡಬೇಕಾದ ಅಳತೆ ಎರಡೇ: 120 ಮಿಮೀ ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ದೂರ 105 ಮಿಮೀ, 140ರದ್ದು 124.5. 280ರ ಟೆಂಪ್ಲೇಟ್ ಎ4 ಹಾಳೆಲಿ ಹಿಡಿಯಲ್ಲ, ಎ3ಯಲ್ಲಿ ತೆಗೆಸಿ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಆಫ್ ಮಾಡಿ ನೂರಕ್ಕೆ ನೂರು ಅಂತ ಹಾಕ್ಬೇಕು, ಇಲ್ದಿದ್ರೆ ಅದು ಸದ್ದಿಲ್ದೆ ಮೂರ್ನಾಲ್ಕು ಪರ್ಸೆಂಟ್ ಕುಗ್ಗಿಸುತ್ತೆ, 124.5 ಇರಬೇಕಾದ್ದು 120 ಆಗುತ್ತೆ. ಬಂದ ಕಾಗದದ ಮೇಲೆ ಸ್ಕೇಲ್ ಇಟ್ಟು ನೋಡದೇ ಅಂಟಿಸಲೇಬಾರದು. ಇನ್ನೂ ಖಾತ್ರಿ ಬೇಕಂದ್ರೆ ರೇಡಿಯೇಟರನ್ನೇ ತಗಡಿನ ಮೇಲಿಟ್ಟು ತೂತಿನ ಗುರುತು ಹಾಕಿ, ಕೆಲವು ಕಂಪನಿಗಳ ರೇಡಿಯೇಟರಲ್ಲಿ ಮೊದಲ್ನೇ ಫ್ಯಾನಿಗೂ ಎರಡನೇದಕ್ಕೂ ಮಧ್ಯದ ದೂರ ಬೇರೆ ಇರುತ್ತೆ.

ತಗಡಿನ ಮೇಲೆ ಪೂರ್ತಿ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಟೆಂಪ್ಲೇಟ್. ಸ್ಕ್ರೂ ತೂತಿಗೆ ಸೆಂಟರ್ ಪಂಚಿಂದ ಒಂದು ಏಟು ಹಾಕಿ ಗುಳಿ ಮಾಡ್ಕೊಂಡ್ರೆ ಡ್ರಿಲ್ ಜಾರಲ್ಲ. ಈ ಕೇಸುಗಳ ಉಕ್ಕಿನ ತಗಡು ತೆಳು, ನಾಲ್ಕಿಂಚಿನ ಗ್ರೈಂಡರಲ್ಲಿ ಒಂದು ಮಿಮೀ ಕಟಿಂಗ್ ವೀಲ್ ಹಾಕಿದ್ರೆ ನೇರ ಗೆರೆ ಚೆನ್ನಾಗಿ ಬರುತ್ತೆ, ಮೂಲೆ ತಿರುವಿಗೆ ಡ್ರೆಮೆಲ್ ಥರದ ಸಣ್ಣ ರೋಟರಿ ಟೂಲ್ ಬೇಕು. ಗೆರೆಗಿಂತ ಒಂದು ಮಿಮೀ ಒಳಗೇ ಕತ್ತರಿಸಿ, ಮಿಕ್ಕಿದ್ದನ್ನ ಅರದಲ್ಲಿ ಉಜ್ಜಿ ಗೆರೆಗೆ ತನ್ನಿ, ಅರ ಹಿಡಿಯೋಕೆ ಬೇಜಾರು ಪಡಬೇಡಿ, ನೋಡೋಕೆ ಚೆಂದ ಆಗೋದು ಆ ಹಂತದಲ್ಲೇ. ಕನ್ನಡಕ ಇಲ್ದೆ, ಗ್ರೈಂಡರಿನ ಗಾರ್ಡ್ ತೆಗೆದು ಕೆಲಸ ಮಾಡಬೇಡಿ, ತೆಳು ವೀಲ್ ಒಡೆದು ಮುಖಕ್ಕೆ ಬರುತ್ತೆ. ಕಿಡಿ ಗಾಜಿನ ಪ್ಯಾನೆಲ್ಲಿಗೆ ಬಿದ್ರೆ ಹೋಗದ ಚುಕ್ಕೆ ಉಳಿಯುತ್ತೆ, ಅದನ್ನ ಬೇರೆ ರೂಮಲ್ಲಿಡಿ.

ಎಷ್ಟು ಕತ್ತರಿಸಬೇಕು ಅನ್ನೋದು ತುಂಬಾ ಮುಖ್ಯ. ಮೇಲಿನ ಚೌಕಟ್ಟು ಕೇಸನ್ನ ಗಟ್ಟಿ ಹಿಡಿದಿರೋ ಭಾಗ, ಅದನ್ನ ಪೂರ್ತಿ ತೆಗೆದ್ರೆ ಕೇಸು ಅಲ್ಲಾಡುತ್ತೆ, ಪಕ್ಕದ ಪ್ಯಾನೆಲ್ ಸರಿಯಾಗಿ ಕೂರಲ್ಲ. ಸುತ್ತಲೂ ಹತ್ತರಿಂದ ಹದಿನೈದು ಮಿಮೀ ಅಂಚು ಬಿಡಿ, ಮಡಿಕೆ ಇರೋ ಕಡೆ ಮಡಿಕೆ ಮುಟ್ಟಲೇಬೇಡಿ, ತಗಡಿಗೆ ಬಲ ಬರೋದೇ ಆ ಮಡಿಕೆಯಿಂದ. 140ರ ಫ್ಯಾನಿಗೆ ಅಂಚು ಸಾಲ್ದೇ ಹೋದ್ರೆ ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಎಲ್ ಆ್ಯಂಗಲ್ ಇಟ್ಟು ಪಾಪ್ ರಿವೆಟ್ ಹೊಡೀರಿ. ಡಬಲ್ ಟೇಪ್, ಗಮ್ ಇವು ಬಿಸಿಗೆ ಜಾರ್ತವೆ, ನೀರು ತುಂಬಿದ ರೇಡಿಯೇಟರ್ ಭಾರ ಅವುಗಳ ಮೇಲೆ ಬಿಡೋದು ಸರಿಯಲ್ಲ. ಮದರ್‌ಬೋರ್ಡ್ ಕೂರೋ ತಗಡನ್ನಂತೂ ಯಾವ ಕಾರಣಕ್ಕೂ ಕೊಯ್ಯಬೇಡಿ.

ಗ್ರೈಂಡರ್ ಹಿಡಿದು ರೂಢಿ ಇಲ್ದೋರು ಹೆದರ್ಬೇಕಾಗಿಲ್ಲ. ಅಳತೆ ಸರಿಯಾಗಿ ಬರೆದ ಡ್ರಾಯಿಂಗ್ ಇದ್ರೆ ಬೆಂಗಳೂರಿನ ಪೀಣ್ಯ ಕಡೆ ಲೇಸರಲ್ಲಿ ತಗಡು ಕತ್ತರಿಸಿ ಬಗ್ಗಿಸಿ ಕೊಡೋರು ಇದ್ದಾರೆ, ಒಂದೇ ಪೀಸ್ ಮಾಡಲ್ಲ ಅನ್ನೋರೂ ಇರ್ತಾರೆ, ಮೊದ್ಲೇ ಕೇಳ್ಕೊಳ್ಳಿ. ಬೇರೆ ಊರಲ್ಲಿ ಸೈನ್ ಬೋರ್ಡ್ ಮಾಡೋ ಅಂಗಡಿಗೆ ಹೋಗಿ, ಅವರ ಹತ್ರ ಅಕ್ರಿಲಿಕ್ ಕತ್ತರಿಸೋ ಲೇಸರ್ ಇರುತ್ತೆ, ಟೋಪಿಯ ನಾಲ್ಕು ಗೋಡೆಗೆ ಅಕ್ರಿಲಿಕ್ ಚೆನ್ನಾಗೇ ಆಗುತ್ತೆ. ಕಂಪ್ಯೂಟರ್ ಭಾಗ, ಫ್ಯಾನು, ಸ್ಕ್ರೂ ಇವಕ್ಕೆ ಬೆಂಗಳೂರಿನ ಎಸ್‌ಪಿ ರೋಡ್ ಇದ್ದೇ ಇದೆ. ಟೋಪಿನ 3ಡಿ ಪ್ರಿಂಟ್ ಮಾಡ್ಸೋರು ಒಂದು ವಿಷಯ ಗಮನಿಸಿ, ಸಾಮಾನ್ಯವಾಗಿ ಕೊಡೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಮೆತ್ತಗಾಗುತ್ತೆ, ಭಾರ ಇದ್ರೆ ಅದಕ್ಕೂ ಮುಂಚೆನೇ ನಿಧಾನಕ್ಕೆ ಬಾಗುತ್ತೆ. 50 ಡಿಗ್ರಿ ನೀರಿರೋ ರೇಡಿಯೇಟರಿಗೆ ಅಂಟ್ಕೊಂಡಿರೋ ಭಾಗಕ್ಕೆ ಅದು ಬೇಡ. ಪಿಇಟಿಜಿ 80 ಆಸುಪಾಸು ತಡೆಯುತ್ತೆ, ಎಎಸ್‌ಎ ಅಥವಾ ಎಬಿಎಸ್ ನೂರರ ಹತ್ರ. ಇವುಗಳಲ್ಲೊಂದನ್ನ ಕೇಳಿ ಮಾಡ್ಸಿ.

ಕಸ್ಟಮ್ ಲೂಪ್ ಮಾಡೋರಿಗೆ ಎರಡು ಮಾತು ಮಾತ್ರ. ಎಐಒಗಳಲ್ಲಿ ಸಾಮಾನ್ಯವಾಗಿ ರೇಡಿಯೇಟರ್ ಅಲ್ಯೂಮಿನಿಯಂದು, ಕೋಲ್ಡ್ ಪ್ಲೇಟ್ ತಾಮ್ರದ್ದು, ಒಳಗಿನ ದ್ರವದಲ್ಲಿ ತುಕ್ಕು ತಡೆಯೋ ರಾಸಾಯನಿಕ ಇರೋದ್ರಿಂದ ನಡೆಯುತ್ತೆ. ಹಳೇ ಎಐಒ ರೇಡಿಯೇಟರ್ ಇದ್ಯಲ್ಲ ಅಂತ ಅದನ್ನ ತಾಮ್ರದ ಕೋಲ್ಡ್ ಪ್ಲೇಟ್ ಇರೋ ಲೂಪಿಗೆ ಸೇರಿಸಿ ಬರೀ ನೀರು ಹಾಕಿದ್ರೆ ಎರಡು ಲೋಹದ ಮಧ್ಯೆ ಕರೆಂಟ್ ಹರಿದು ಅಲ್ಯೂಮಿನಿಯಂ ಕೊರೀತಾ ಹೋಗುತ್ತೆ. ತಾಮ್ರ, ಹಿತ್ತಾಳೆದೇ ರೇಡಿಯೇಟರ್ ತಗೊಳ್ಳಿ. ಇನ್ನೊಂದು, ಮೊದಲು ಪ್ರೊಸೆಸರ್ ಆಮೇಲೆ ಗ್ರಾಫಿಕ್ಸಾ, ಮಧ್ಯೆ ರೇಡಿಯೇಟರ್ ಬರ್ಬೇಕಾ ಅಂತ ತಲೆ ಕೆಡಿಸ್ಕೋಬೇಡಿ. ನಿಮಿಷಕ್ಕೆ ಒಂದು ಲೀಟರ್ ನೀರು ಹರೀತಿದ್ರೆ ಅದನ್ನ ಒಂದು ಡಿಗ್ರಿ ಏರಿಸೋಕೆ ಸುಮಾರು 70 ವ್ಯಾಟ್ ಬೇಕು. 200 ವ್ಯಾಟ್ ಹಾಕಿದ್ರೂ ಮೂರು ಡಿಗ್ರಿ ಒಳಗೇ. ಸಣ್ಣ ಕೇಸಲ್ಲಿ ಪೈಪು ಯಾವ ದಾರಿಯಲ್ಲಿ ಕಡಿಮೆ ಬಾಗುತ್ತೋ ಅದೇ ಸರಿಯಾದ ದಾರಿ. ನೀರು ತುಂಬೋಕೆ ಮುಂಚೆ ಕೈ ಪಂಪಿಂದ ಅರ್ಧ ಬಾರ್ ಆಸುಪಾಸು ಗಾಳಿ ತುಂಬಿ ಅರ್ಧ ಗಂಟೆ ಮೀಟರ್ ಮುಳ್ಳು ನೋಡಿ, ಇಳೀದೇ ಇದ್ರೆ ಸೋರಲ್ಲ.

ಕತ್ತರಿಸಿ ಉಜ್ಜಿ ಆದ್ಮೇಲೆ ಕೇಸನ್ನ ನೀರಲ್ಲಿ ತೊಳೀರಿ, ಒಣಗಿಸಿ, ಮೂಲೆ ಮಡಿಕೆಯಲ್ಲೆಲ್ಲ ಒಂದು ಅಯಸ್ಕಾಂತನ ಬಟ್ಟೆಯಲ್ಲಿ ಸುತ್ತಿ ಆಡಿಸಿ, ಕಬ್ಬಿಣದ ಪುಡಿ ಎಷ್ಟು ಅಂಟ್ಕೊಂಡು ಬರುತ್ತೆ ಅಂತ ಆಗ ಗೊತ್ತಾಗುತ್ತೆ. ಆಮೇಲೆ ಪ್ರೈಮರ್, ಪೇಂಟು, ರಬ್ಬರ್ ಪಟ್ಟಿ. ಎಲ್ಲ ಕೂರಿಸಿ ಮೊದಲು ಮಾಡಿದ ಅದೇ ಪರೀಕ್ಷೆನ ಅದೇ ಲೋಡಲ್ಲಿ, ಆದಷ್ಟು ಅದೇ ಹೊತ್ತಲ್ಲಿ ಮತ್ತೆ ಮಾಡಿ. ನೀರು ಮತ್ತು ರೂಮಿನ ಮಧ್ಯದ ವ್ಯತ್ಯಾಸ ನೋಡಿ, ಪ್ರೊಸೆಸರಿನ ನಂಬರ್ ಒಂದೇ ನೋಡಿದ್ರೆ ಆವತ್ತಿನ ಹವಾಮಾನ ನಿಮ್ಮನ್ನ ದಾರಿ ತಪ್ಪಿಸುತ್ತೆ. 240ರಲ್ಲಿ 15 ಇದ್ದಿದ್ದು 280ರಲ್ಲಿ, ಫ್ಯಾನಿನ ಸದ್ದು ಅಷ್ಟೇ ಇಟ್ಕೊಂಡು, ಹರವಿನ ಲೆಕ್ಕದ ಪ್ರಕಾರ 11ರ ಹತ್ರ ಬರ್ಬೇಕು. ಬರ್ಲಿಲ್ಲ ಅಂದ್ರೆ ಟೋಪಿಯ ಗೋಡೆಗೂ ರೇಡಿಯೇಟರಿಗೂ ಮಧ್ಯೆ ಸಂದಿ ಹುಡುಕಿ, ಬಿಸಿ ಗಾಳಿ ಅಲ್ಲಿಂದ ಸುತ್ತಿ ಮತ್ತೆ ಫ್ಯಾನಿಗೇ ಬರ್ತಿರುತ್ತೆ. ಫೋಮ್ ಪಟ್ಟಿಯಿಂದ ಆ ಸಂದಿ ಮುಚ್ಚಿ ಇನ್ನೊಂದು ಸಲ ಅಳೀರಿ. ಮತ್ತೆ ಮೇಲಿನ ಮೆಶ್ಶನ್ನ ಸ್ಕ್ರೂ ಬದಲು ಅಯಸ್ಕಾಂತದಲ್ಲಿ ಕೂರೋ ಹಂಗೆ ಮಾಡ್ಕೊಳ್ಳಿ, ನಮ್ಮ ಧೂಳಿಗೆ ತಿಂಗಳಿಗೊಂದು ಸಲ ತೆಗೆದು ಫಿನ್ನಿಗೆ ಮೆತ್ತನೆ ಬ್ರಷ್ ಆಡಿಸಲೇಬೇಕಾಗುತ್ತೆ.